ಕೊಟ್ಟವರ ಪಟ್ಟಿ, ಪಡೆದವರ ಪಟ್ಟಿ

ಯಾದಗಿರಿ, ಶಹಾಪುರ, ಸುರಪುರದ ಕಡೆ ‘ಪಟ್ಟಿ’ ಎಂಬ ಮಾತಿಗೆ ಎರಡು ಅರ್ಥ. ಒಂದು, ಎಲ್ಲ ಕನ್ನಡಿಗರಿಗೂ ಗೊತ್ತಿರುವ ಯಾದಿ. ಇನ್ನೊಂದು, ಊರವರು ಕೂಡಿ ಕೊಡುವ ಹಣ ಅಥವಾ ಕಾಳು. ಬೇರೆ ಕಡೆ ವಂತಿಗೆ, ಚಂದಾ ಎನ್ನುವುದನ್ನೇ ನಮ್ಮಲ್ಲಿ ಪಟ್ಟಿ ಎನ್ನುತ್ತಾರೆ. ‘ಪಟ್ಟಿ ಎತ್ತೂಣು ಬರ್ರಿ’ ಎಂದು ಒಬ್ಬರು ಹೊರಟರೆ ಜೊತೆಗೆ ನಾಲ್ಕೈದು ಮಂದಿ ಕೂಡಿಕೊಳ್ಳುತ್ತಾರೆ. ಒಬ್ಬರ ಕೈಯಲ್ಲಿ ನೋಟುಬುಕ್ಕು, ಇನ್ನೊಬ್ಬರ ಹೆಗಲಿಗೆ ಚೀಲ. ಇವರಿಗೆ ಸಂಬಳವಿಲ್ಲ, ಸಂಘದ ಹೆಸರೂ ಇರಬೇಕೆಂದಿಲ್ಲ. ಸ್ವಯಂಸೇವಕ ಎಂಬ ಪದ ಆ ಊರುಗಳಿಗೆ ಬರುವ ಎಷ್ಟೋ ಮೊದಲಿನಿಂದ ಈ ಕೆಲಸ ನಡೆದು ಬಂದಿದೆ.

ಜಾತ್ರೆಗೆ, ಉರುಸಿಗೆ, ಮೊಹರಂ ಹಬ್ಬಕ್ಕೆ, ಬಯಲಾಟಕ್ಕೆ ಎತ್ತುವ ಪಟ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸದ್ದಿಲ್ಲದೆ ಎತ್ತುವ ಪಟ್ಟಿಗಳು ಬೇರೆ ಇವೆ. ಗುಡಿಸಲಿಗೆ ಬೆಂಕಿ ಬಿದ್ದಾಗ, ತಂದೆಯಿಲ್ಲದ ಹುಡುಗಿಯ ಮದುವೆ ಕೂಡಿ ಬಂದಾಗ, ಮಣ್ಣು ಮಾಡಲೂ ಗತಿಯಿಲ್ಲದ ಮನೆಯಲ್ಲಿ ಸಾವಾದಾಗ, ಕಲಬುರಗಿಯ ದವಾಖಾನೆಯಲ್ಲಿ ಯಾರೋ ಮಲಗಿ ಎತ್ತು ಮಾರುವ ಹೊತ್ತು ಬಂದಾಗ. ಪಟ್ಟಿಯ ಪುಸ್ತಕದಲ್ಲಿ ಮೊದಲ ಹೆಸರು ಯಾರದು ಎಂಬುದು ಬಹಳ ಮುಖ್ಯ. ಊರ ಗೌಡರು 500 ಬರೆಸಿದರೆ ಉಳಿದವರ ಅಂಕಿ ಅದರ ಕೆಳಗೇ ನಿಲ್ಲಬೇಕು. ಮೇಲೆ ಹೋದರೆ ಅದು ದಾನವಲ್ಲ, ಸವಾಲು. ಹಾಗಾಗಿ ಪಟ್ಟಿ ಎತ್ತುವ ಜಾಣರು ಮೊದಲು ಕೈಬಿಚ್ಚಿ ಬರೆಸುವವರ ಮನೆಗೇ ಹೋಗುತ್ತಾರೆ. ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಮನೆತನದ ಹೆಸರು, ಮುಂದೆ ಅಂಕಿ. ಪುಟಗಟ್ಟಲೆ ಇಷ್ಟೇ.

ಇತಿಹಾಸದ ವಿದ್ಯಾರ್ಥಿಯಾಗಿ ನನ್ನ ಕಣ್ಣು ಹೋಗುವುದು ಈ ಪುಸ್ತಕದಲ್ಲಿ ಇಲ್ಲದ ಹೆಸರಿನ ಕಡೆಗೆ. ಯಾರಿಗಾಗಿ ಪಟ್ಟಿ ಎತ್ತಿದರೋ ಅವರು ಇದರಲ್ಲಿ ಇರುವುದಿಲ್ಲ. ಇದ್ದರೆ ‘ಮದುವಿ ಖರ್ಚಿಗೆ’, ‘ಮಣ್ಣಿಗೆ’ ಎಂಬ ಒಂದು ಪದವಾಗಿ ಇರುತ್ತಾರೆ. ಇದು ಮರೆವೋ, ಮರ್ಯಾದೆಯೋ? ಕೊಟ್ಟವರ ಪಟ್ಟಿ ಮತ್ತು ಪಡೆದವರ ಪಟ್ಟಿ, ಇವೆರಡರ ಚರಿತ್ರೆ ಬೇರೆ ಬೇರೆ ಎಂಬುದು ನನ್ನ ಅನಿಸಿಕೆ. ಮೊದಲನೆಯದನ್ನು ಊರು ಬರೆಯಿತು. ಎರಡನೆಯದನ್ನು ಸರ್ಕಾರ ಬರೆಯಿತು. ಎರಡೂ ಒಂದೇ ಪುಸ್ತಕಕ್ಕೆ ಬಂದಾಗ ಏನಾಯಿತು ಎಂಬುದು ಇಲ್ಲಿನ ವಿಷಯ.

ಕೊಟ್ಟವರ ಪಟ್ಟಿ ಹಳೆಯದು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಿಗೆ ಈ ಸೀಮೆ ಹೆಸರಾಗಿದೆ. ಸುರಪುರ ಸೀಮೆಯ ಯೇವೂರಿನ 1077ರ ಶಾಸನ ಆರನೆಯ ವಿಕ್ರಮಾದಿತ್ಯನ ಕಾಲದ್ದು, ಚಾಲುಕ್ಯರ ವಂಶಾವಳಿಗೆ ಚರಿತ್ರಕಾರರು ಮತ್ತೆ ಮತ್ತೆ ತೆರೆಯುವ ಕಲ್ಲು. ಆ ಕಾಲದ ಶಾಸನಗಳಲ್ಲಿ ರಾಜ, ದಂಡನಾಯಕರ ದತ್ತಿಯ ಪಕ್ಕದಲ್ಲೇ ಸಾಮಾನ್ಯರು ಕೂಡಿ ಕೊಟ್ಟ ದತ್ತಿಗಳೂ ಸಿಗುತ್ತವೆ. ತೆಲ್ಲಿಗರು ಗಾಣಕ್ಕೆ ಇಷ್ಟು ಸೊಂಟಿಗೆ ಎಣ್ಣೆ ಎಂದು ಒಪ್ಪಿಕೊಳ್ಳುತ್ತಾರೆ. ವರ್ತಕರ ಕೂಟಗಳು ಹೇರಿಗೆ ಇಷ್ಟು ಎಲೆ, ಇಷ್ಟು ಅಡಿಕೆ ಎಂದು ಬಿಡುತ್ತವೆ. ಒಬ್ಬೊಬ್ಬರಿಂದ ಚೂರು ಚೂರು, ಕೂಡಿದರೆ ಒಂದು ನಂದಾದೀಪ, ಒಂದು ಸತ್ರ. ಇಂದಿನ ಪಟ್ಟಿಯ ಲೆಕ್ಕಾಚಾರ ಇದೇ. ಪಡೆಯುವವರು ಮಾತ್ರ ಅಲ್ಲಿ ಗುಂಪಾಗಿ ಬರುತ್ತಾರೆ: ತಪೋಧನರು, ಓದುವ ಮಾಣಿಗಳು, ದಾರಿಹೋಕ ಅತಿಥಿಗಳು. ಬೆಳೆ ಹೋದ ಒಂದು ಒಕ್ಕಲು, ಗಂಡ ಸತ್ತ ಒಬ್ಬ ಹೆಂಗಸು, ಇವರನ್ನು ಕಲ್ಲು ಹೆಸರಿಸುವುದಿಲ್ಲ. ಶಾಸನದಲ್ಲಿ ಬಡತನಕ್ಕೆ ವ್ರತವಿದ್ದರೆ ಸ್ಥಾನ ಉಂಟು, ಹಸಿವೆ ಮಾತ್ರ ಇದ್ದರೆ ಇಲ್ಲ.

ಇದನ್ನು ಮೊದಲು ಕೆದಕಿದವರು ಶರಣರು ಎಂದರೆ ಹೊಸ ಮಾತೇನಲ್ಲ. ಆದರೆ ಎಲ್ಲಿಯವರು ಎಂಬುದನ್ನು ಗಮನಿಸಬೇಕು. ದೇವರ ದಾಸಿಮಯ್ಯನ ಊರು ಎಂದು ಜನ ನಂಬಿರುವ ಮುದನೂರು ಇರುವುದು ಸುರಪುರ ಸೀಮೆಯಲ್ಲಿ. ನೇಯ್ದ ಬಟ್ಟೆಯನ್ನು ಜಂಗಮನಿಗೆ ಕೊಟ್ಟು, ಆತ ಅದನ್ನು ಕಣ್ಣೆದುರೇ ಹರಿದರೂ ಸಿಟ್ಟಾಗದೆ, ಕೊನೆಗೆ ಎಂದೂ ಬರಿದಾಗದ ತವನಿಧಿಯನ್ನು ಪಡೆದನೆಂಬುದು ಅವನ ಕಥೆ. ಈ ಕಥೆಯನ್ನು ಪವಾಡವೆಂದು ಓದುವವರೇ ಹೆಚ್ಚು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬಟ್ಟೆ ಹರಿಯುವ ಕ್ಷಣ. ಕೊಟ್ಟ ಮೇಲೆ ಅದು ಪಡೆದವನದು. ಹರಿದುಕೊಳ್ಳಲಿ, ಸುತ್ತಿಕೊಳ್ಳಲಿ, ಕೊಟ್ಟವನಿಗೆ ಅದರ ಮೇಲೆ ಮಾತಿಲ್ಲ.

ಇನ್ನೊಂದು ಕಥೆ ಕೃಷ್ಣೆಯ ಆಚೆ ದಡದ್ದು. ಈಗಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿ ಮಾರಯ್ಯ ಮತ್ತು ಲಕ್ಕಮ್ಮ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂತು. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ಕಳಿಸಿದಳು. ಬಡವರ ಮನೆಯ ಹೆಂಗಸೊಬ್ಬಳು ದೊಡ್ಡ ಮನೆಯ ಔದಾರ್ಯಕ್ಕೆ ಮಿತಿ ಹಾಕಿದ ಕಥೆ ಇದು. ಮಾರಯ್ಯನ ಹೆಸರಿಗೆ ಅಂಟಿಕೊಂಡಿರುವ ವಿಶೇಷಣವನ್ನು ನೋಡಿ: ಆಯ್ದಕ್ಕಿ. ನಮ್ಮ ಚರಿತ್ರೆಯಲ್ಲಿ ಕೊಟ್ಟು ಹೆಸರಾದವರು ಸಾವಿರ ಮಂದಿ. ಅಂಗಳದಿಂದ ಆಯ್ದುಕೊಂಡದ್ದೇ ಹೆಸರಾಗಿ, ಅದರಿಂದ ತಲೆ ತಗ್ಗಿಸಬೇಕಾಗದೆ ಉಳಿದವರು ಎಷ್ಟು ಮಂದಿ?

ಕೂಡಿ ಉಣ್ಣಿಸುವ ಪದ್ಧತಿ ಒಂದೇ ಮತದ ಸೊತ್ತಾಗಿರಲಿಲ್ಲ. ಶಹಾಪುರದ ಹತ್ತಿರದ ಗೋಗಿಯಲ್ಲಿ ಸೂಫಿ ಸಂತ ಚಂದಾ ಹುಸೇನಿಯ ದರ್ಗಾ ಇದೆ. ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರ ಗೋರಿಗಳು ಇರುವುದೂ ಅಲ್ಲೇ. ಸೂಫಿ ಮಠಗಳ ಲಂಗರು ಮತ್ತು ಶರಣರ ದಾಸೋಹ ಬೇರೆ ಬೇರೆ ಭಾಷೆಯಿಂದ ಬಂದ ಪದಗಳು, ಒಲೆಯ ಮೇಲೆ ಹೆಚ್ಚು ವ್ಯತ್ಯಾಸವಿಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯ ಶರಣಬಸವರು (1746–1822) ಹಕ್ಕಿಗೂ ಹಸಿದವರಿಗೂ ಹೊಲ ಬಿಟ್ಟು, ಆಮೇಲೆ ಕಲಬುರಗಿಯಲ್ಲಿ ದಾಸೋಹ ನಡೆಸಿದ್ದು ಈ ಭಾಗದ ಮನೆಮನೆಯ ಕಥೆ.

ಮಠ, ದರ್ಗಾಗಳ ಹೊರಗೆ, ಊರಿನ ಒಳಗೆ ನಡೆಯುತ್ತಿದ್ದದ್ದು ಇನ್ನೊಂದು ಬಗೆಯದು. ಅದನ್ನು ದಾನ ಎಂದು ಯಾರೂ ಕರೆಯುತ್ತಿರಲಿಲ್ಲ. ಕಣದಲ್ಲಿ ರಾಶಿ ಆದ ಕೂಡಲೇ ಆಯಗಾರರಿಗೆ ಆಯ ಅಳೆಯಬೇಕು. ಬಡಿಗ, ಕಮ್ಮಾರ, ಕುಂಬಾರ, ಅಗಸ ಎಲ್ಲರದೂ ಅದರಲ್ಲಿ ಪಾಲು. ಹೊಲದ ಕೆಲಸಕ್ಕೆ ಮುಯ್ಯಾಳು: ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮದಕ್ಕೆ. ಮದುವೆಯಲ್ಲಿ ಆಯೇರಿ, ಯಾರು ಯಾವ ಸೀರೆ ತಂದರು ಎಂಬುದನ್ನು ಬರೆದಿಟ್ಟುಕೊಂಡು, ಅವರ ಮನೆಯ ಮದುವೆಗೆ ಅದಕ್ಕಿಂತ ಕಡಿಮೆಯಾಗದಂತೆ ಹಿಂದಿರುಗಿಸಬೇಕು. ಕೊಟ್ಟದ್ದೆಲ್ಲ ಸಾಲ, ಪಡೆದದ್ದೆಲ್ಲ ಋಣ, ಲೆಕ್ಕ ಎಂದೂ ಮುಗಿಯುವುದಿಲ್ಲ. ಮುಗಿಯದಿರುವುದೇ ಅದರ ಬಲ. ಇಂದು ಪಡೆದವನು ನಾಳೆ ಕೊಡುತ್ತಾನೆ ಎಂಬ ನಂಬಿಕೆ ಇರುವತನಕ ಪಡೆಯುವುದರಲ್ಲಿ ನಾಚಿಕೆಯಿಲ್ಲ. ಪಟ್ಟಿಯ ಪುಸ್ತಕದಲ್ಲಿ ಪಡೆದವರ ಹೆಸರು ಇಲ್ಲದಿರುವುದಕ್ಕೆ ಇದೂ ಒಂದು ಕಾರಣವಿರಬೇಕು: ಅವರು ‘ಪಡೆದವರು’ ಎಂಬ ಬೇರೆ ಜಾತಿಯಾಗಿರಲಿಲ್ಲ. ಹಿಂದಿನ ಪಟ್ಟಿಯಲ್ಲಿ ಅವರೂ ಕೊಟ್ಟವರೇ.

ಈ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ಹಳೆಯ ಊರಿನ ಬಗ್ಗೆ ಒಂದು ಸಿಹಿ ಕಥೆಯಾಗುತ್ತದೆ. ಹಾಗೆ ಬರೆದ ಪುಸ್ತಕಗಳು ಕಡಿಮೆಯಿಲ್ಲ. ಆದರೆ ಜಾತಿ ಎಂಬ ಪದವನ್ನು ನಾನು ಸುಮ್ಮನೆ ಬಳಸಲಿಲ್ಲ. ಕಣದ ಆಯದಲ್ಲಿ ದಲಿತ ಕೇರಿಗೂ ಪಾಲಿತ್ತು, ನಿಜ. ಅದನ್ನು ಎಲ್ಲರ ನಂತರ, ದೂರ ನಿಂತು, ಸೆರಗೊಡ್ಡಿ ಪಡೆಯಬೇಕಿತ್ತು. ಜಾತ್ರೆಯ ಪಟ್ಟಿಗೆ ಕೇರಿಯವರು ಹಲಗೆ ಬಾರಿಸಿ, ಕಟ್ಟಿಗೆ ಒಡೆದು ದುಡಿಮೆಯನ್ನೇ ಕೊಟ್ಟರು. ದುಡಿಮೆಗೆ ಪುಸ್ತಕದಲ್ಲಿ ಅಂಕಿಯಿಲ್ಲ. ಕೊಟ್ಟವರ ಪಟ್ಟಿಯಲ್ಲಿ ಹೆಸರಿಲ್ಲದೆ ಕೊಟ್ಟವರು ಅವರು. ಹೆಂಗಸರದ್ದೂ ಬೇರೆಯಲ್ಲ. ಬೀಸುವಾಗ, ಕುಟ್ಟುವಾಗ ದಿನಕ್ಕೊಂದು ಹಿಡಿ ಕಾಳು ತೆಗೆದು ಗಡಿಗೆಗೆ ಹಾಕಿ, ಜೋಳಿಗೆ ಬಂದಾಗ ಸುರಿಯುವ ‘ಮುಷ್ಟಿ’ಯ ಪದ್ಧತಿ ಉತ್ತರ ಕರ್ನಾಟಕದಲ್ಲಿ ಎಷ್ಟೋ ಪ್ರಸಾದ ನಿಲಯಗಳ ಅನ್ನವಾಗಿದೆ. ಹಳ್ಳಿಯಿಂದ ಓದಲು ಹೋದ ಎರಡು ಮೂರು ತಲೆಮಾರಿನ ಹುಡುಗರು ಆ ಕಾಳು ಉಂಡು ಪದವಿ ಪಡೆದರು. ಪುಸ್ತಕದಲ್ಲಿ ಬರೆಸಿದ್ದು ಮನೆಯ ಯಜಮಾನನ ಹೆಸರು.

ಮುಯ್ಯಿಯ ಲೆಕ್ಕ ನಿಲ್ಲುವುದು ಎಲ್ಲರ ಹೊಲವೂ ಒಟ್ಟಿಗೆ ಒಣಗಿದಾಗ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರ ನಡುವೆ, ಆದದ್ದು ಅದೇ. ಸುರಪುರ ಆಗ ನಿಜಾಮನ ಆಳ್ವಿಕೆಯಲ್ಲಿತ್ತು. ರಾಜಾ ವೆಂಕಟಪ್ಪ ನಾಯಕನ ಬಂಡಾಯವನ್ನು 1858ರಲ್ಲಿ ಹತ್ತಿಕ್ಕಿದ ಬ್ರಿಟಿಷರು 1860ರಲ್ಲಿ ಸಂಸ್ಥಾನವನ್ನು ನಿಜಾಮನಿಗೆ ಒಪ್ಪಿಸಿದ್ದರು. ಅದಕ್ಕೂ ಮೊದಲು ಬಾಲರಾಜನ ಪರವಾಗಿ ಇಲ್ಲಿ ಆಡಳಿತ ನೋಡಿದ ಮೆಡೋಸ್ ಟೇಲರ್ ಕೆರೆಗಳ ಕೆಲಸ ಮಾಡಿಸಿದ್ದ; ಬೋನಾಳ ಕೆರೆಯ ಮಾತು ಬಂದಾಗ ಇಂದಿಗೂ ಅವನ ಹೆಸರು ಬರುತ್ತದೆ. ಅವನು ತೀರಿಕೊಂಡದ್ದು 1876ರಲ್ಲಿ, ಅವನ ಆತ್ಮಕಥೆ ಅಚ್ಚಾದದ್ದು 1877ರಲ್ಲಿ. ಸುರಪುರದ ಜನ ತನ್ನನ್ನು ಎಷ್ಟು ಪ್ರೀತಿಸಿದರು ಎಂದು ಅವನು ಬರೆದದ್ದನ್ನು ಲಂಡನ್ನಿನ ಓದುಗರು ಓದುವ ಹೊತ್ತಿಗೆ ಅದೇ ಜನ ಗುಳೆ ಎದ್ದಿದ್ದರು.

ಹೈದರಾಬಾದ್ ಸಂಸ್ಥಾನದಲ್ಲಿ ಬರ ಬಿದ್ದದ್ದು ಹೆಚ್ಚಾಗಿ ನೈಋತ್ಯದ ಕನ್ನಡ ಸೀಮೆಗೆ: ಗುಲ್ಬರ್ಗ, ಸುರಪುರ, ಲಿಂಗಸುಗೂರು, ರಾಯಚೂರು. ಸಾಲಾರ್ ಜಂಗ್ ದಿವಾನನಾಗಿದ್ದ ಕಾಲ ಅದು. ಅವನ ಅಧಿಕಾರಿ ಮೌಲ್ವಿ ಮೆಹದಿ ಅಲಿ ಆ ಬರದ ಬಗ್ಗೆ ಬರೆದ ದೊಡ್ಡ ವರದಿ 1879ರಲ್ಲಿ ಪ್ರಕಟವಾಯಿತು. ಕೃಷ್ಣೆಯ ಮೇಲ್ಭಾಗದ ನೆರೆಯ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ, ಬಾಗಲಕೋಟೆಗಳ ಸೀಮೆ, ಬ್ರಿಟಿಷರ ಮುಂಬೈ ಪ್ರಾಂತಕ್ಕೆ ಸೇರಿತ್ತು. 1872 ಮತ್ತು 1881ರ ಜನಗಣತಿಗಳ ನಡುವೆ ಆ ಒಂದೇ ಜಿಲ್ಲೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾದರು. ಸತ್ತವರೆಷ್ಟು, ಗುಳೆ ಹೋಗಿ ಮರಳದವರೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಸೊಲ್ಲಾಪುರದಿಂದ ಗುಲ್ಬರ್ಗ, ಯಾದಗಿರಿ ದಾಟಿ ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಮುಂಬೈಯನ್ನೂ ಮದರಾಸನ್ನೂ ಜೋಡಿಸಿದ ಹಳಿ ಅದು. ಬರದ ಕಾಲದಲ್ಲಿ ದಕ್ಷಿಣಕ್ಕೆ ಧಾನ್ಯ ಸಾಗಿದ ದಾರಿಯೂ ಹೌದು. ಕಾಳು ತುಂಬಿದ ವ್ಯಾಗನ್ನುಗಳು ಯಾದಗಿರಿಯ ನಿಲ್ದಾಣ ದಾಟಿ ಹೋಗುವಾಗ ಅದನ್ನು ಕೊಳ್ಳುವ ದುಡ್ಡು ಹಳಿಯ ಬದಿಯ ಊರುಗಳಲ್ಲಿ ಇರಲಿಲ್ಲ. ಬರ ಎಂದರೆ ಕಾಳಿಲ್ಲದಿರುವುದಲ್ಲ, ಕಾಳಿನ ಮೇಲೆ ಹಕ್ಕಿಲ್ಲದಿರುವುದು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ನೂರು ವರ್ಷಗಳ ನಂತರ ವಾದಿಸಿದರು.

ಪಡೆಯುವವರ ಪಟ್ಟಿ ದೊಡ್ಡ ಪ್ರಮಾಣದಲ್ಲಿ ತಯಾರಾದದ್ದು ಆಗಲೇ. ಕಾಮಗಾರಿಗೆ ಬಂದವರೆಷ್ಟು, ಗಂಜಿ ಮನೆಯಲ್ಲಿ ಉಂಡವರೆಷ್ಟು, ಎಷ್ಟು ಗಂಡಸರು, ಎಷ್ಟು ಹೆಂಗಸರು, ಎಷ್ಟು ಮಕ್ಕಳು. ಬ್ರಿಟಿಷ್ ಪ್ರಾಂತಗಳಲ್ಲಿ 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಮೇಲೊಂದಿಷ್ಟು ಬಿಡಿಗಾಸಿನ ಮಟ್ಟಕ್ಕೆ ಇಳಿಸಿದ. ನಿಜವಾಗಿ ಹಸಿದವರು ಯಾರು ಎಂದು ಕಂಡುಹಿಡಿಯುವುದು ಸರ್ಕಾರದ ಚಿಂತೆ. ಅದಕ್ಕಾಗಿ ಹಸಿವೆಗೆ ಪರೀಕ್ಷೆಗಳನ್ನು ಒಡ್ಡಲಾಯಿತು. ಮುಂಬೈ ಪ್ರಾಂತದಲ್ಲಿ ಸಾವಿರಾರು ಮಂದಿ ಆ ಕೂಲಿಯನ್ನು ಒಲ್ಲದೆ ಕಾಮಗಾರಿ ಬಿಟ್ಟು ನಡೆದರು, ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಬರೆಯಿತು. ಹೆಚ್ಚಾಯಿತೆಂದು ಅಕ್ಕಿ ಹಿಂದಿರುಗಿಸಿದ ಲಕ್ಕಮ್ಮನ ಕಥೆಯ ಪಕ್ಕ ಇದನ್ನಿಟ್ಟು ನೋಡಬೇಕು. ಎರಡರಲ್ಲೂ ಪಡೆಯುವವರು ‘ಬೇಡ’ ಎಂದಿದ್ದಾರೆ.

ಆ ವರ್ಷ ಇನ್ನೊಂದು ಪಟ್ಟಿಯೂ ಎದ್ದಿತು, ಬಹುಶಃ ನಮ್ಮ ದಕ್ಷಿಣದ ಹೆಸರಿನಲ್ಲಿ ಎದ್ದ ಮೊದಲ ಜಾಗತಿಕ ಪಟ್ಟಿ. 1877ರ ಆಗಸ್ಟ್ 4ರಂದು ಮದರಾಸಿನಲ್ಲಿ ನಡೆದ ಸಾರ್ವಜನಿಕ ಸಭೆ ಇಂಗ್ಲೆಂಡಿನ ಜನರ ನೆರವು ಕೋರಿತು. ಲಂಡನ್ನಿನ ಮೇಯರ್ ಮುಂದಾಳತ್ವದಲ್ಲಿ ಮ್ಯಾನ್ಶನ್ ಹೌಸ್ ನಿಧಿ ಶುರುವಾಯಿತು. ಅದರ ಕಾರ್ಯಕಾರಿ ಸಮಿತಿಗೆ ಕಾರ್ಯದರ್ಶಿಯಾಗಿದ್ದ ಪತ್ರಕರ್ತ ವಿಲಿಯಂ ಡಿಗ್ಬಿ ಮರುವರ್ಷವೇ ಎರಡು ಸಂಪುಟಗಳಲ್ಲಿ ಬರದ ಚರಿತ್ರೆ ಬರೆದ. ಈ ನಿಧಿಯ ಕೆಲಸದಲ್ಲಿ ನನಗೆ ಇಷ್ಟವಾಗುವ ಒಂದು ಅಂಶವಿದೆ. ಬಳ್ಳಾರಿಯಂಥ ಜಿಲ್ಲೆಗಳಲ್ಲಿ ಸ್ಥಳೀಯ ಸಮಿತಿಗಳು ಈ ಹಣವನ್ನು ಬರೀ ಗಂಜಿಗೆ ಸುರಿಯಲಿಲ್ಲ. ಗಂಜಿ ಸರ್ಕಾರದ ಹೊಣೆ. ನಿಧಿಯ ಹಣ ಬಿತ್ತನೆ ಬೀಜಕ್ಕೆ, ಎತ್ತಿಗೆ, ಬಟ್ಟೆಗೆ, ಮಾರಿಕೊಂಡಿದ್ದ ಮನೆಯ ಸೂರು ಮತ್ತೆ ಹೊದಿಸುವುದಕ್ಕೆ. ಅಂದರೆ ಪಡೆದವನು ಮುಂದಿನ ಸುಗ್ಗಿಯಲ್ಲಿ ಮತ್ತೆ ಕೊಡುವವನಾಗಲಿ ಎಂಬ ಲೆಕ್ಕ. ಲಂಡನ್ನಿನಿಂದ ಬಂದ ದುಡ್ಡಿಗೆ ನಮ್ಮ ಮುಯ್ಯಿಯ ಗುಣ ಹೇಗೋ ತಾಗಿತ್ತು. ಭೂಮಿಯೇ ಇಲ್ಲದ ಕೂಲಿಯವರಿಗೆ ಎತ್ತು, ಬೀಜದಿಂದ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ಮಾತ್ರ ಅದು ಉಳಿಸಿಯೇ ಹೋಯಿತು.

ಇಲ್ಲಿಂದ ನೂರು ವರ್ಷ ಹಾರಿ ಬರುತ್ತೇನೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಮುಗಿದು ಸುರಪುರ, ಶಹಾಪುರದ ಹೊಲಗಳಿಗೆ ಕಾಲುವೆ ಬಂತು. ಜೋಳದ ಹೊಲದಲ್ಲಿ ಭತ್ತ ಬಂತು. ಕಾಲುವೆ ಮುಟ್ಟದ ಕಡೆ ಗುಳೆ ಮುಂದುವರಿಯಿತು: ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಯಾರಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಸೇರಿದವು. ಇಡೀ ಸೀಮೆಯೇ ಪಡೆಯುವವರ ಪಟ್ಟಿಗೆ ಸೇರಿದ ಹಾಗೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯಲ್ಲಿ ಬರದ ನಾಡು ಮುಳುಗಿತು. ಈ ತಾಲ್ಲೂಕುಗಳು ಆಗಿನ್ನೂ ಗುಲ್ಬರ್ಗ ಜಿಲ್ಲೆಯಲ್ಲಿದ್ದವು. ಯಾದಗಿರಿ ಜಿಲ್ಲೆಯಾದದ್ದು ಅದೇ ಡಿಸೆಂಬರ್ 30ರಂದು. ಸ್ವತಃ ಮುಖ್ಯಮಂತ್ರಿಗಳು ಬೀದಿಯಲ್ಲಿ ಪಾದಯಾತ್ರೆ ಮಾಡಿ ನಿಧಿ ಕೂಡಿಸಿದರು. ಸರ್ಕಾರವೇ ಪಟ್ಟಿ ಎತ್ತಿದ ವರ್ಷ ಅದು. ‘ಆಸರೆ’ ಯೋಜನೆಯಲ್ಲಿ ದಾನಿಗಳು ಮನೆ ಕಟ್ಟಿಸಿಕೊಡಬಹುದಿತ್ತು. ಮತ್ತೆ 2019ರ ಆಗಸ್ಟಿನಲ್ಲಿ ಬಸವಸಾಗರದಿಂದ 6 ಲಕ್ಷ ಕ್ಯುಸೆಕ್‌ಗೂ ಮೀರಿ ನೀರು ಬಿಟ್ಟಾಗ ಶಹಾಪುರದ ಕೊಳ್ಳೂರು ಸೇತುವೆ ಮುಳುಗಿತು, ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿ ಹೊರಜಗತ್ತಿನಿಂದ ಕಡಿದುಹೋಯಿತು. ಆ ತಿಂಗಳು ಉತ್ತರ ಕರ್ನಾಟಕದ ಊರೂರಿನ ಹೆಂಗಸರು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ನೆರೆ ಊರುಗಳಿಗೆ ಕಳಿಸಿದರು. ಕೊಪ್ಪಳದ ಗವಿಮಠದ ಜಾತ್ರೆಗೆ ಊರುಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತದಲ್ಲ, ಅದೇ ಅಭ್ಯಾಸ. ರೊಟ್ಟಿಯ ಮೇಲೆ ಬಡಿದವರ ಹೆಸರು ಬರೆಯಲು ಬರುವುದಿಲ್ಲ. ಒಂದು ಗಂಟು ಇನ್ನೊಂದರೊಡನೆ ಬೆರೆತರೆ ಯಾರ ಮನೆಯದು ಎಂದು ಹೇಳುವವರಿಲ್ಲ.

ಮುಂದಿನ ವರ್ಷ ಬಂದ ಕಿಟ್ಟು ಬೇರೆ ಬಗೆಯದು. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಮೇ ತಿಂಗಳ ಆರಂಭದಲ್ಲಿ ಯಾದಗಿರಿ ಹಸಿರು ವಲಯದಲ್ಲಿತ್ತು. ಗುಳೆ ಹೋದವರು ಮಹಾರಾಷ್ಟ್ರದಿಂದ ಮರಳಿದ ಮೇಲೆ, ಜೂನಿನ ಹೊತ್ತಿಗೆ, ರಾಜ್ಯದಲ್ಲೇ ಹೆಚ್ಚು ಸೋಂಕಿನ ಜಿಲ್ಲೆಗಳ ಸಾಲಿಗೆ ಸೇರಿತು. ಶಾಲೆ, ಹಾಸ್ಟೆಲುಗಳು ಕ್ವಾರಂಟೈನ್ ಕೇಂದ್ರಗಳಾದವು. ತರುಣರು ಮೊಬೈಲಿನಲ್ಲೇ ಪಟ್ಟಿ ಎತ್ತಿದರು: ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಊರ ಹುಡುಗರು, ಶಿಕ್ಷಕರು, ಕಿರಾಣಿ ಅಂಗಡಿಯವರು. ಅಕ್ಕಿ, ತೊಗರಿಬೇಳೆ, ಎಣ್ಣೆ, ಉಪ್ಪು, ಖಾರಪುಡಿ, ಸಾಬೂನು ಕಟ್ಟಿ ಮನೆ ಮುಟ್ಟಿಸಿದರು. ಸರ್ಕಾರದ ಪಡಿತರ ತಲುಪದ ಮನೆಗಳಿಗೆ, ಕಾರ್ಡು ಮುಂಬೈಯಲ್ಲೂ ಇಲ್ಲದ ಊರಲ್ಲೂ ಇಲ್ಲದ ಮನೆಗಳಿಗೆ ಅದೇ ಗತಿಯಾಯಿತು. ಅವರ ಕೆಲಸವನ್ನು ಹಗುರ ಮಾಡುವ ಹಕ್ಕು ಮನೆಯಲ್ಲಿ ಕೂತು ಓದುತ್ತಿದ್ದ ನನ್ನಂಥವರಿಗಿಲ್ಲ.

ಆದರೂ ಒಂದು ಮಾತು ಹೇಳದೆ ವಿಧಿಯಿಲ್ಲ. ಕಿಟ್ಟಿನ ಜೊತೆ ಫೋಟೊ ಬಂತು. ಕೊಟ್ಟವರ ಪಟ್ಟಿ ಮತ್ತು ಪಡೆದವರ ಪಟ್ಟಿ ಎರಡೂ ಮೊದಲ ಸಲ ಒಂದೇ ಚೌಕಟ್ಟಿನಲ್ಲಿ ಕಂಡವು. ಚೀಲದ ಒಂದು ಕಡೆ ಕೊಡುವ ಕೈ, ಇನ್ನೊಂದು ಕಡೆ ಮುಖ. ಇದರಲ್ಲಿ ಕೊಡುವವರ ದೊಡ್ಡಸ್ತಿಕೆ ಮಾತ್ರ ಇದೆ ಎಂದರೆ ಅನ್ಯಾಯವಾದೀತು. ದೂರದಿಂದ ದುಡ್ಡು ಕಳಿಸಿದವರಿಗೆ ಲೆಕ್ಕ ತೋರಿಸಬೇಕು. ಗುರುತಿಲ್ಲದವರ ನಡುವೆ ನಂಬಿಕೆಗೆ ಪುರಾವೆ ಬೇಕು. ಪಟ್ಟಿಯ ಪುಸ್ತಕ ಊರೊಳಗೇ ತಿರುಗುತ್ತಿದ್ದಾಗ ಪುರಾವೆಯ ಅಗತ್ಯವಿರಲಿಲ್ಲ, ಮದುವೆ ಆದದ್ದು ಎಲ್ಲರಿಗೂ ಕಾಣುತ್ತಿತ್ತು. ಪುರಾವೆಯ ಭಾರ ಮಾತ್ರ ಬಿದ್ದದ್ದು ಚೀಲ ಹಿಡಿದ ಹೆಂಗಸಿನ ಮುಖದ ಮೇಲೆ. 1877ರಲ್ಲಿ ಅವಳು ಕೋಷ್ಟಕದಲ್ಲಿ ಒಂದು ಅಂಕಿಯಾಗಿದ್ದಳು, ಹೆಸರಿರಲಿಲ್ಲ. 2020ರಲ್ಲಿ ಮುಖ ಬಂತು, ಹೆಸರು ಆಗಲೂ ಬರಲಿಲ್ಲ. ಹಿಂದಿನ ಸುಗ್ಗಿಯಲ್ಲಿ ಅವಳು ಯಾರ ಮನೆಗೆ ಒಂದು ಸೇರು ಜೋಳ ಅಳೆದಿದ್ದಳು ಎಂಬುದಂತೂ ಯಾವ ಚೌಕಟ್ಟಿನಲ್ಲೂ ಇಲ್ಲ.

ಹಳೆಯ ಪಟ್ಟಿಯ ಪುಸ್ತಕಗಳು ಗುಡಿಯ ಪೆಟ್ಟಿಗೆಗಳಲ್ಲಿ, ದರ್ಗಾದ ಗೂಡುಗಳಲ್ಲಿ, ಯಾರದೋ ಮನೆಯ ಅಟ್ಟದ ಮೇಲೆ ಗೆದ್ದಲು ಹಿಡಿದು ಹೋಗುತ್ತಿವೆ. ಮೊಬೈಲಿನ ಪಟ್ಟಿಗಳು ಅದಕ್ಕಿಂತ ಬೇಗ ಅಳಿಯುತ್ತವೆ. ಫೋನು ಬದಲಾದರೆ ಮುಗಿಯಿತು. ಈ ಭಾಗದ ಓದುಗರಲ್ಲಿ ಯಾರ ಮನೆಯಲ್ಲಾದರೂ ಅಂಥ ಪುಸ್ತಕವಿದ್ದರೆ ತೆರೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲ ಪುಟಗಳನ್ನು ಬಿಡಿ, ಅಲ್ಲಿ ಗೌಡರೂ ಸಾಹುಕಾರರೂ ಇರುತ್ತಾರೆ. ಹಿಂದಿನ ಕಡೆ ಖರ್ಚಿನ ಪುಟಗಳಿರುತ್ತವೆ, ಅವಸರದ ಕೈಬರಹದಲ್ಲಿ, ಅರ್ಧ ಪೆನ್ಸಿಲ್ಲಿನಲ್ಲಿ. ಅಲ್ಲಿ ಯಾರ ಮನೆಗೆ ಎಂದು ಬರೆದಿದ್ದರೆ, ಅದೇ ಹೆಸರು ಹಿಂದಿನ ವರ್ಷದ ಮುಂದಿನ ಪುಟಗಳಲ್ಲಿ ಇದೆಯೇ, ಎಷ್ಟು ಕೊಟ್ಟಿದ್ದರು ಎಂದು ಹುಡುಕಿ ನೋಡಿ.